ನೀರೊಲ್ಲದ ಗಿಡ ಮತ್ತು ನಮ್ಮತ್ತೆ

ನಮ್ಮತ್ತೆಯ ಮನೆಗೆ ಹೋಗಿ ನೀರು ಕುಡಿಯದೆ ವಾಪಸು ಬಂದ ಮನುಷ್ಯ ಶಿರಾ ಪಟ್ಟಣದಲ್ಲಿ ಒಬ್ಬನೂ ಇಲ್ಲ. ಇದ್ದರೆ ಆತ ಗೇಟಿನ ಹತ್ತಿರದಿಂದಲೇ ಓಡಿಹೋಗಿರಬೇಕು! ಕರೆಂಟ್ ಬಿಲ್ಲಿನವನು, ಗ್ಯಾಸಿನವನು, ಕೊರಿಯರ್‌ನವನು, ವಿಳಾಸ ತಪ್ಪಿ ಬಂದವನು, ಎಲ್ಲರಿಗೂ ಮೊದಲು ಒಂದು ಚೊಂಬು ನೀರು, ಆಮೇಲೆ ಮಾತು. ಹೋದ ಚುನಾವಣೆಯಲ್ಲಿ ಮೂರು ಪಕ್ಷದವರು ಒಂದೇ ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರು ಓಟು ಕೇಳಲು ಬಂದರು. ಮೂವರಿಗೂ ನೀರು ಕುಡಿಸಿ ಕಳಿಸಿದಳು. ಈ ಮನೆಯ ಓಟು ನಮಗೇ ಎಂದುಕೊಂಡು ಮೂವರೂ ಖುಷಿಯಾಗಿ ಹೋದರು. ಎದುರು ಮನೆಗೆ ಬಣ್ಣ ಹೊಡೆಯುತ್ತಿದ್ದವನನ್ನು ಏಣಿಯಿಂದ ಕೆಳಗಿಳಿಸಿ ಕುಡಿಸಿದ್ದಾಳೆ. ಆತ "ಈಗ್ಲೇ ಕುಡ್ದೆ ಕಣಮ್ಮ" ಎಂದರೆ, "ಅದು ಅವ್ರ ಮನೆ ನೀರು, ಇದು ನಮ್ ಮನೇದು" ಎಂದಳಂತೆ. ನೀರಿಗೂ ಮನೆತನ ಇರುತ್ತದೆ ಎಂದು ಆ ಬಡಪಾಯಿಗೆ ಅವತ್ತೇ ಗೊತ್ತಾಗಿದ್ದು!

ಇದಕ್ಕೆ ಅವಳನ್ನು ದೂರಿ ಪ್ರಯೋಜನವಿಲ್ಲ. ಅತ್ತೆ, ಅಂದರೆ ನಮ್ಮಪ್ಪನ ಅಕ್ಕ, ಹುಟ್ಟಿ ಬೆಳೆದದ್ದು ಹುಲಿಕುಂಟೆಯ ಆಚೆಯ ನಮ್ಮ ಹಳ್ಳಿಯಲ್ಲಿ. ಅವಳ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳು ನಡೆಯಲು ಕಲಿಯುವುದಕ್ಕೂ ಸೊಂಟದ ಮೇಲೆ ಬಿಂದಿಗೆ ಕೂರುವುದಕ್ಕೂ ಹೆಚ್ಚು ಅಂತರವಿರಲಿಲ್ಲ. ಬೇಸಿಗೆಯಲ್ಲಿ ಎರಡು ಬಿಂದಿಗೆ ನೀರಿಗೆ ಅರ್ಧ ದಿನ. ಹಾಗೆ ಹೊತ್ತು ತಂದ ನೀರನ್ನು ಬಂದವರಿಗೆ ತುಂಬಿದ ಚೊಂಬಿನಲ್ಲಿ ಕೊಡುವುದೇ ಅಲ್ಲಿಯ ದೊಡ್ಡಸ್ತಿಕೆ. "ಊಟ ಇಲ್ಲ ಅಂದ್ರೆ ಬಡವ್ರು ಅಂತಾರೆ. ನೀರಿಲ್ಲ ಅಂದ್ರೆ ಮನುಷ್ರೇ ಅಲ್ಲ ಅಂತಾರೆ ಕಣ್ಲಾ" ಎನ್ನುವುದು ಅವಳ ಸಿದ್ಧಾಂತ.

ಇಂಥವಳಿಗೆ, ನಿನ್ನ ಗಂಡನಿಗೆ ನೀರು ಕೊಡಬೇಡ ಎಂದು ಡಾಕ್ಟರು ಹೇಳಿದರೆ ಹೇಗಿರಬೇಕು?

ನಮ್ಮ ಮಾವ ಮಂಡಿಯಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡಿಕೊಂಡಿದ್ದವರು. ಮಾತು ಬಹಳ ಕಡಿಮೆ. ಮನೆಯ ಮಾತನ್ನೆಲ್ಲ ಅತ್ತೆಯೇ ಆಡಿ ಮುಗಿಸುತ್ತಿದ್ದದ್ದರಿಂದ ಅವರಿಗೆ ಉಳಿಯುತ್ತಲೂ ಇರಲಿಲ್ಲ. ಹೋದ ವರ್ಷ ಅವರ ಕಾಲು ಊದಿಕೊಂಡಿತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ತುಮಕೂರಿಗೆ ಕರೆದುಕೊಂಡು ಹೋದೆವು. ಹೃದಯ ಸೋತಿದೆ, ಕುಡಿದ ನೀರು ಮೈಯಲ್ಲೇ ನಿಲ್ಲುತ್ತಿದೆ, ಇನ್ನು ಮೇಲೆ ಕಾಫಿ ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಐದೇ ಲೋಟ ಎಂದರು ಡಾಕ್ಟರು. ಅತ್ತೆ ಹೊರಗೆ ಬಂದು ನನ್ನ ತೋಳು ಹಿಡಿದು ಕೇಳಿದಳು: "ಬಾಯಾರಿದೋರಿಗೆ ನೀರು ಕೊಡಬ್ಯಾಡ ಅನ್ನಕ್ಕೆ ಈ ವಯ್ಯ ಅಷ್ಟೊಂದು ಓದ್ಬೇಕಾಗಿತ್ತೇನ್ಲಾ?"

ಆದರೂ ಅತ್ತೆ ಡಾಕ್ಟರ ಮಾತು ಮೀರಲಿಲ್ಲ. ಐದೇ ಲೋಟ ನೀರು ಕೊಟ್ಟಳು. ಜೊತೆಗೆ ಅರ್ಧ ಕಲ್ಲಂಗಡಿ ಕೊಟ್ಟಳು. ಕೇಳಿದರೆ, "ಅದು ಹಣ್ಣಲ್ವಾ?" ಎಳನೀರು? "ಅದು ಕಾಯಿ." ಎರಡು ಬಟ್ಟಲು ಅಂಬಲಿ? "ಅದು ಊಟ ಕಣ್ಲಾ, ಊಟಾನೂ ಬ್ಯಾಡ ಅಂದವ್ನಾ ಅವ್ನು?" ಈ ಲೆಕ್ಕಾಚಾರದಲ್ಲಿ ಮಾವ ಎರಡು ಸಲ ಆಸ್ಪತ್ರೆ ಸೇರಿದರು. ಎರಡನೇ ಸಲ ಡಾಕ್ಟರು ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, "ಅಮ್ಮಾ, ಇನ್ನೊಂದು ಸಲ ಹೀಗೆ ನೀರು ತುಂಬಿಕೊಂಡರೆ ನನ್ನ ಕೈಯಲ್ಲೂ ಆಗಲ್ಲ" ಎಂದರು. ಆಮೇಲೆ ಮಾವನ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೋರಿಸಿದರು. ಬೆರಳು ತೆಗೆದರೂ ಹಿಟ್ಟಿನ ಉಂಡೆಯ ಮೇಲೆ ಒತ್ತಿದ ಹಾಗೆ ಗುಳಿ ನಿಂತಿತ್ತು. ದಿನಾ ಹೀಗೆ ಒತ್ತಿ ನೋಡಿ, ಗುಳಿ ಬಿದ್ದರೆ ನೀರು ಹೆಚ್ಚಾಗಿದೆ ಎಂದು ಅರ್ಥ ಎಂದರು.

ಅತ್ತೆಗೆ ಅರ್ಥವಾಗಲಿಲ್ಲ ಎಂದಲ್ಲ. ಆದರೆ ಮಾವ ಕುರ್ಚಿಯಲ್ಲಿ ಕೂತು, "ಒಂದೇ ಗುಟುಕು ಕೊಡೇ" ಎಂದರೆ ಅವಳ ಕೈ ತಾನಾಗಿಯೇ ಚೊಂಬಿನ ಕಡೆ ಹೋಗುತ್ತಿತ್ತು. "ಬುದ್ಧಿ ಬ್ಯಾಡ ಅಂತೈತೆ, ಈ ಹಾಳು ಕೈ ಕೇಳಲ್ಲ ಕಣ್ಲಾ. ನನ್ ಕೈಯಿಂದ್ಲೇ ಅವರ್ನ ಕಳ್ಕಂಬುಡ್ತೀನೇನೋ" ಎಂದು ಒಂದು ದಿನ ನನ್ನೆದುರು ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಈ ಹೊತ್ತಿನಲ್ಲಿ ನಾನೊಂದು ಘನಕಾರ್ಯ ಮಾಡಿದೆ. ನಾನು ಮಧುಗಿರಿಯಲ್ಲಿ ಮೇಷ್ಟ್ರು, ಇರುವುದು ಶಿರಾದಲ್ಲಿ, ಅತ್ತೆಯ ಮನೆಯಿಂದ ಎರಡು ಬೀದಿ ಆಚೆ. ದಿನಾ ಹೋಗಿ ಬರುವ ದಾರಿಯಲ್ಲಿ ಸಾಬರದ್ದೊಂದು ನರ್ಸರಿ ಇದೆ. ಕುರ್ಚಿಯಲ್ಲೇ ಕೂತಿರುವ ಮಾವನ ಕಣ್ಣಿಗೆ ಹಸಿರು ಕಾಣಲಿ ಎಂದು ಅಲ್ಲಿಂದ ಒಂದು ತೂಗು ಕುಂಡ ತಂದು ಕಿಟಕಿಗೆ ನೇತುಹಾಕಿದೆ. ಮುತ್ತಿನ ಸರದ ಗಿಡವಂತೆ. ಹಸಿ ಬಟಾಣಿಯನ್ನು ದಾರಕ್ಕೆ ಪೋಣಿಸಿ ಇಳಿಬಿಟ್ಟ ಹಾಗೆ ಎಳೆ ಎಳೆಯಾಗಿ ಕೆಳಗಿಳಿಯುತ್ತದೆ. ಒಂದೊಂದು ಮಣಿಯೂ ಒಂದೊಂದು ಎಲೆ, ಒಳಗೆ ನೀರು ಕೂಡಿಟ್ಟುಕೊಂಡಿರುತ್ತದೆ. ಸಾಬರು ಕೊಡುವಾಗಲೇ ಎಚ್ಚರಿಸಿದ್ದರು: "ಮೇಷ್ಟ್ರೇ, ಹದ್ನೈದು ದಿನಕ್ಕೆ ಒಂದ್ ಸಲ ಪಾನಿ. ಮರೆತೋದ್ರೆ ಇನ್ನೂ ಒಳ್ಳೇದು."

ನಾನು ಈ ಮಾತನ್ನು ಅತ್ತೆಗೆ ಒಪ್ಪಿಸಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹದ್ನೈದು ದಿನಕ್ಕಾ? ಇದಕ್ಕೇನು ದಿನಾ ಶಿವರಾತ್ರಿನಾ? ಮನೇಲೊಬ್ರು ಬಾಯಾರ್ಕಂಡು ಕುಂತಿರೋದು ಸಾಲ್ದು ಅಂತ ಇನ್ನೊಬ್ಬರ್ನ ತಂದು ನೇತಾಕ್ದೇನ್ಲಾ?"

ಗಂಡನಿಗೆ ಕೊಡಲಾಗದ ನೀರೆಲ್ಲ ಗಿಡಕ್ಕೆ ಹೋಯಿತು! ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು, ನಡುವೆ ಅಕ್ಕಿ ತೊಳೆದ ನೀರು, ಮಧ್ಯಾಹ್ನ ಬಿಸಿಲು ಜೋರಾಗಿದೆ ಎಂದು ಅರ್ಧ ಲೋಟ ತಿಳಿ ಮಜ್ಜಿಗೆ. ಎರಡು ವಾರದಲ್ಲಿ ಮಣಿಗಳು ಬಣ್ಣ ಕಳೆದುಕೊಂಡು ಗಾಜಿನ ಹಾಗಾದವು, ಮುಟ್ಟಿದರೆ ಪಿಚಕ್ ಎಂದವು. ಅತ್ತೆ ನನಗೆ ಫೋನ್ ಮಾಡಿ, "ನಿನ್ ಗಿಡಕ್ಕೆ ನೀರು ಸಾಲ್ತಿಲ್ಲ, ಸೊರಗ್ತಾ ಐತೆ" ಎಂದಳು.

ಭಾನುವಾರ ಕುಂಡದ ಸಮೇತ ಅವಳನ್ನು ಆಟೋದಲ್ಲಿ ನರ್ಸರಿಗೆ ಕರೆದುಕೊಂಡು ಹೋದೆ. ಸಾಬರು ಕುಂಡವನ್ನು ಚೀಲದ ಮೇಲೆ ಬೋರಲು ಹಾಕಿ, ಕಪ್ಪಾದ ಬೇರನ್ನು ಬೆರಳಲ್ಲಿ ಬಿಡಿಸಿ ಮೂಸಿ ನೋಡಿದರು. ಪೊಲೀಸರು ಹೆಣದ ಸುತ್ತ ನಿಂತ ಹಾಗೆ ನಾವಿಬ್ಬರೂ ನಿಂತಿದ್ದೆವು.

"ಅಮ್ಮಾ, ಬಾಯಾರಿ ಇಂಗಾಗಿಲ್ಲ ಇದು. ಮುಳುಗಿ ಆಗೈತೆ" ಎಂದರು ಸಾಬರು.

"ಚೆನ್ನಾಗಿರ್ಲಿ ಅಂತ ತಾನೇ ನಾನು ನೀರು ಹಾಕಿದ್ದು?"

"ಚೆನ್ನಾಗಿರ್ಲಿ ಅಂತ್ಲೇ ಎಲ್ರೂ ಹಾಕೋದು. ದುಷ್ಮನಿ ಮಾಡಿ ಇದನ್ನ ಸಾಯ್ಸಿರೋರು ಯಾರೂ ಇಲ್ಲಮ್ಮಾ. ಎಲ್ಲಾ ಪ್ರೀತಿ ಮಾಡೇ ಸಾಯ್ಸಿರೋದು."

ಅದೃಷ್ಟಕ್ಕೆ ಇನ್ನೂ ನಾಲ್ಕು ಎಳೆ ಗಟ್ಟಿಯಾಗಿದ್ದವು. ಸಾಬರು ಅವನ್ನು ಕತ್ತರಿಸಿ, ತಳಕ್ಕೆ ತೂತಿರುವ ಮಣ್ಣಿನ ಕುಂಡದಲ್ಲಿ ಮರಳು, ಸಣ್ಣ ಜಲ್ಲಿ, ಸ್ವಲ್ಪ ಮಣ್ಣು ಬೆರೆಸಿ, ಅದರ ಮೇಲೆ ಸುರುಳಿ ಸುತ್ತಿ ಮಲಗಿಸಿದರು. ಒಂದು ವಾರ ನೀರು ತೋರಿಸಲೇಬೇಡಿ, ಆಮೇಲೆ ಮಣಿ ಹಿಸುಕಿ ನೋಡಿ, ಗಟ್ಟಿಯಿದ್ದರೆ ನೀರು ಬೇಡ, ಸುಕ್ಕಾಗಿದ್ದರೆ ಮಾತ್ರ ಕೊಡಿ ಎಂದರು. ಆಟೋದಲ್ಲಿ ಅತ್ತೆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಮಾತೂ ಆಡಲಿಲ್ಲ. ಅಷ್ಟು ದೂರ ಅವಳು ಸುಮ್ಮನಿದ್ದದ್ದನ್ನು ಕಂಡು ನನಗೆ ಜೀವವೇ ಹೋದಂತಾಗಿತ್ತು. ಮನೆ ಮುಂದೆ ಇಳಿಯುವಾಗ, "ನಾನು ಅವರ್ಗೂ ಇದೇ ಮಾಡ್ತಿದ್ನಲ್ಲ ಕಣ್ಲಾ" ಎಂದಳು.

ಅವತ್ತಿನಿಂದ ಅತ್ತೆ ಬೇರೆಯೇ ಮನುಷ್ಯಳಾದಳು. ಬೆಳಿಗ್ಗೆ ಎದ್ದವಳೇ ಮೊದಲು ಮಾವನ ಕಾಲು ಒತ್ತಿ ನೋಡುವುದು, ಆಮೇಲೆ ಗಿಡದ ಮಣಿ ಹಿಸುಕಿ ನೋಡುವುದು. ಒಂದೊಂದು ದಿನ ಅವಸರದಲ್ಲಿ ಗಿಡಕ್ಕೆ "ಉಸಿರು ಹೆಂಗೈತ್ರೀ?" ಎಂದು ಕೇಳಿ, ಮಾವನಿಗೆ "ಬಿಸಿಲಿಗೆ ತಿರುಗ್ಸಿ ಇಡ್ಲಾ?" ಎಂದಿದ್ದೂ ಉಂಟು. ಮಾವನ ಐದು ಲೋಟ ಬೆಳಿಗ್ಗೆಯೇ ಅಳೆದು ಬೇರೆ ಪಾತ್ರೆಯಲ್ಲಿ ಮುಚ್ಚಿಡುತ್ತಿದ್ದಳು. ಕಲ್ಲಂಗಡಿ ಹಣ್ಣು ಮತ್ತೆ ನೀರಿನ ಜಾತಿಗೆ ಸೇರಿತು. ಮಾವ ಕೇಳಿದರೆ "ಇಲ್ಲ" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಬಂದವರಿಗೆ ನೀರು ನಿಲ್ಲಲಿಲ್ಲ, ಆದರೆ ಜಾಗ ಬದಲಾಯಿತು. ಮಾವನಿಗೆ ಆಸೆಯಾಗದಿರಲಿ ಎಂದು ಎಲ್ಲರಿಗೂ ಹೊರಗಿನ ಜಗಲಿಯಲ್ಲೇ ಕುಡಿಸಿ, ಬಾಯಿ ಒರೆಸಿಕೊಂಡ ಮೇಲೆ ಒಳಗೆ ಬಿಡುತ್ತಿದ್ದಳು. ಊಟಕ್ಕೆ ಕೂತ ನನಗೆ ಬಿಕ್ಕಳಿಕೆ ಬಂದಾಗಲೂ, "ಎದ್ದು ಆಚೆಗೋಗಿ ಕುಡ್ಕಂಡ್ ಬಾ" ಎಂದಳು!

ಹೊಸದಾಗಿ ಮತ ಬದಲಿಸಿದವರ ಉತ್ಸಾಹ ನಿಮಗೆ ಗೊತ್ತಲ್ಲ? ಅತ್ತೆ ಬೀದಿಯ ಗಿಡಗಳಿಗೆಲ್ಲ ಉಪವಾಸದ ದೀಕ್ಷೆ ಕೊಡತೊಡಗಿದಳು. ನೀರಿನ ಪೈಪು ಹಿಡಿದು ನಿಂತವರನ್ನು ಕಂಡರೆ, "ಬೇರಿಗೆ ಉಸಿರು ಕಟ್ತದೆ, ನಿಲ್ಸಮ್ಮಿ!" ಎಂದು ಗೇಟಿನಿಂದಲೇ ಕೂಗುತ್ತಿದ್ದಳು. ಅವಳ ಮಾತು ನಂಬಿದ ಪಕ್ಕದ ಮನೆಯಾಕೆ ಹದಿನೈದು ದಿನ ದಾಸವಾಳಕ್ಕೆ ನೀರು ಹಾಕಲಿಲ್ಲ. ದಾಸವಾಳ ಗೊಟಕ್ಕೆಂದಿತು. ಆಕೆ ಒಣಗಿದ ಕೊಂಬೆಯನ್ನೇ ಹಿಡಿದು ಜಗಳಕ್ಕೆ ಬಂದರೆ ಅತ್ತೆ, "ಅಯ್ಯೋ, ಬಿಸಿಲಲ್ಲಿ ಬಂದಿದೀಯ, ಕುಂತ್ಕ, ಮೊದ್ಲು ನೀರು ಕುಡಿ" ಎಂದಳು.

ಅಂತೂ ಗಿಡ ಬೇರು ಬಿಟ್ಟಿತು. ನಾಲ್ಕು ಎಳೆ ಒಂಬತ್ತಾಗಿ ಕಿಟಕಿಯ ಸರಳಿನಿಂದ ಗೇಣುದ್ದ ಇಳಿಯಿತು. ಮಾವನ ಕಾಲಿನ ಊತವೂ ಇಳಿಯಿತು. ಹಳೆಯ ಚಪ್ಪಲಿ ಮತ್ತೆ ಹಿಡಿಯಿತು. ಡಾಕ್ಟರು ಒತ್ತಿದರೆ ಗುಳಿ ನಿಲ್ಲಲಿಲ್ಲ. ಹೀಗೇ ನೋಡಿಕೊಂಡರೆ ಭಯವಿಲ್ಲ ಎಂದರು.

ಎಲ್ಲ ಸರಿಹೋಯಿತು ಎನ್ನುವಾಗ ಗಿಡ ಮತ್ತೆ ಕೈಕೊಟ್ಟಿತು. ಒಂದು ಪಕ್ಕದ ಎಳೆಗಳು ಮಾತ್ರ ಮೆತ್ತಗಾಗತೊಡಗಿದವು. ಅತ್ತೆ ಮೊದಲು ನನ್ನನ್ನು ಅನುಮಾನಿಸಿದಳು, ಆಮೇಲೆ ಪಕ್ಕದ ಮನೆಯಾಕೆಯನ್ನು. ದಾಸವಾಳದ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು! ಕುಂಡದ ಮರಳಿಗೆ ಬೆರಳಿಟ್ಟು ನೋಡಿ, "ಹಸಿಯಾಗೈತೆ. ಯಾರೋ ದಿನಾ ಕುಡಿಸ್ತಾವ್ರೆ. ಇವತ್ತು ಹಿಡ್ದೇ ಹಿಡೀತೀನಿ" ಎಂದು ಒಂದು ಭಾನುವಾರ ಮಧ್ಯಾಹ್ನ ನನ್ನನ್ನೂ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿಕೊಂಡು ಕಾವಲು ಕಾದಳು.

ಮೂರು ಗಂಟೆಗೆ ಅವಳೇ ಕೊಟ್ಟು ಬಂದಿದ್ದ ಲೋಟ ಮಾವನ ಕೈಯಲ್ಲಿತ್ತು. ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಅರ್ಧ ಲೋಟ ಕುಡಿದರು, ನಿಧಾನವಾಗಿ, ಒಂದೊಂದೇ ಗುಟುಕು. ಆಮೇಲೆ ಕುರ್ಚಿ ಹಿಡಿದು ಎದ್ದು, ಉಳಿದ ಅರ್ಧವನ್ನು ಚೆಲ್ಲದ ಹಾಗೆ ಕುಂಡದ ಅಂಚಿಗೆ ಬಗ್ಗಿಸಿದರು.

"ನಿಂಗೂ ಅಳತೇನಾ? ಕುಡಿ, ಕುಡಿ" ಎಂದರು ಗಿಡಕ್ಕೆ.

ಈಗ ಸಿಡಿಲು ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಅತ್ತೆ ಹೋಗಿ ಅವರ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತುಬಿಟ್ಟಳು.

"ನಲವತ್ತು ವರ್ಷದಲ್ಲಿ ನೀವು ಏನು ಕೇಳಿದ್ರೂ ಇಲ್ಲ ಅಂದಿರ್ಲಿಲ್ಲ ನಾನು. ಈಗ ದಿನಾ ಇಲ್ಲ ಅಂತೀನಿ. ಎದೆ ಕಲ್ಲು ಮಾಡ್ಕಂಡು ಅಂತೀನಿ. ಕೊಟ್ಟಿದ್ರಲ್ಲೂ ಅರ್ಧ ಗಿಡಕ್ಕೆ ಹಾಕ್ತೀರಲ್ರೀ, ನಿಮ್ಗೆ ಬಾಯಾರಲ್ವಾ?"

ಮಾವ ಖಾಲಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಬಾಯಾರ್ತದೆ ಕಣೇ. ಆದ್ರೆ ಈ ಮನೇಲಿ ಈಗ ಯಾರೂ ನನ್ ಮುಂದೆ ನೀರು ಕುಡಿಯಂಗಿಲ್ಲ. ಬಂದೋರು ಜಗಲೀಲಿ ಕುಡೀತಾರೆ. ನೀನು ಹಿತ್ಲಿಗೋಗಿ, ನಲ್ಲಿ ಹತ್ರ ಬಚ್ಚಿಟ್ಕಂಡು ಕುಡೀತೀಯ. ಇಲ್ಲಿಂದ ಕಾಣ್ತದೆ ನಂಗೆ. ಒಬ್ನೇ ಕುಂತು ಕುಡಿಯಕ್ಕೆ ಬೇಜಾರು. ಅದ್ಕೆ ಇದ್ರ ಜೊತೇಲಿ ಕುಡೀತೀನಿ."

ಅತ್ತೆ ಎದ್ದು ಒಳಗೆ ಬಂದಳು. ನನ್ನನ್ನು ನೋಡಿದರೂ ನೋಡದವಳ ಹಾಗೆ ದಾಟಿ ಹೋದಳು. ಒಂದು ಲೋಟದಲ್ಲಿ ತನಗೆ ನೀರು ತುಂಬಿಸಿಕೊಂಡಳು. ಮುಚ್ಚಿಟ್ಟಿದ್ದ ಪಾತ್ರೆಯಿಂದ ಮಾವನ ಸಂಜೆಯ ಲೋಟವನ್ನು ಅಳೆದು ತೆಗೆದಳು. ಎರಡನ್ನೂ ಹಿಡಿದುಕೊಂಡು ಹೋಗಿ ಅವರ ಎದುರಿಗೆ ಕೂತಳು.

"ತಗಳಿ. ನಾನೂ ಕುಡೀತೀನಿ, ನೀವೂ ಕುಡೀರಿ. ಜಲ್ದಿ ಮುಗಿಸ್ಬ್ಯಾಡಿ" ಎಂದಳು.