ಗುದ್ದಿನ ತೂಕ

ಇಪ್ಪತ್ತಾರು ವರ್ಷಗಳಿಂದ ಗೋಕಾಕದಲ್ಲಿ ಕುಳಿತು ಒಂದು ದಿನಪತ್ರಿಕೆಗೆ ಸುದ್ದಿ ಬರೆಯುತ್ತಿರುವ ನನಗೆ ಒಂದೇ ಒಂದು ಅಹಂಕಾರವಿದೆ: ಅಂಕಿಯಿಲ್ಲದ ಮಾತನ್ನು ನಾನು ನಂಬುವುದಿಲ್ಲ. "ಭಾರೀ ಮಳೆರಿ" ಎಂದು ಯಾರಾದರೂ ಫೋನ್ ಮಾಡಿದರೆ ಎಷ್ಟು ಮಿಲಿಮೀಟರ್ ಎಂದು ಕೇಳುತ್ತೇನೆ. ಅಪಾರ ಜನಸ್ತೋಮ ಎಂದರೆ ಕುರ್ಚಿ ಎಣಿಸುತ್ತೇನೆ. ಮನೆಯಲ್ಲೂ ಹೀಗೆಯೇ. ನನ್ನ ಹೆಂಡತಿ ಸುವರ್ಣಾ ಒಮ್ಮೆ ತಲೆನೋವು ಬಹಳ ಇದೆ ಎಂದಾಗ "ಹತ್ತಕ್ಕ ಎಷ್ಟು?" ಎಂದು ಕೇಳಿದ್ದೆ. ಆ ದಿನ ನನ್ನ ತಾಟಿಗೆ ಬಿದ್ದದ್ದು ರೊಟ್ಟಿ ಒಂದು, ಪಲ್ಯ ಸೊನ್ನೆ. ಅದನ್ನೂ ನಾನು ಅಂಕಿಯಲ್ಲೇ ನೆನಪಿಟ್ಟಿದ್ದೇನೆ.

ತಪ್ಪು ಪೂರ್ತಿ ನನ್ನದಲ್ಲ, ಈ ನೆಲದ್ದೇ ಗುಣ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರೈತ ಕಬ್ಬಿನ ಗಾಡಿಯನ್ನು ಕಾರ್ಖಾನೆಗೆ ಒಯ್ಯುವ ಮುಂಚೆ ಹಾದಿಯಲ್ಲಿ ಸಿಗುವ ಖಾಸಗಿ ಕಾಟಾದ ಮೇಲೆ ಒಮ್ಮೆ ನಿಲ್ಲಿಸಿ, ತೂಗಿಸಿ, ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡೇ ಮುಂದೆ ಹೋಗುತ್ತಾನೆ. ಯಾರ ಮೇಲೂ ಅನುಮಾನವಿಲ್ಲ, ಸುಮ್ಮನೆ ಮನಸ್ಸಿನ ಸಮಾಧಾನಕ್ಕೆ. ಹುಟ್ಟಿದ ಕೂಸನ್ನು ನೋಡಲು ಹೋದರೂ ನಮ್ಮವರು ಮೊದಲು ಕೇಳುವುದು "ಎಷ್ಟ ಕಿಲೋ ಐತಿ?" ಎಂದೇ; ಗಂಡೋ ಹೆಣ್ಣೋ ಎಂಬ ವಿಚಾರಣೆ ಆಮೇಲೆ. ಇಂಥ ಕಡೆ ಹುಟ್ಟಿದ ನನ್ನ ಮಗಳು ಬಾಕ್ಸಿಂಗ್ ಕಲಿಯಲು ಹೊರಟರೆ, ಅವಳ ಗುದ್ದನ್ನು ತೂಗದೆ ಬಿಡುವುದಾದರೂ ಹೇಗೆ?

ಮಗಳ ಹೆಸರು ಗಂಗಾ. ಪಿಯುಸಿ ಎರಡನೇ ವರ್ಷ. ಘಟಪ್ರಭಾ ಸ್ಟೇಶನ್ ಹತ್ತಿರದ ಹಳೆಯ ಗೋದಾಮೊಂದರಲ್ಲಿ, ಸೈನ್ಯದಿಂದ ನಿವೃತ್ತರಾಗಿ ಬಂದ ಹವಾಲ್ದಾರ ರಾಮಪ್ಪ ಮಾಸ್ತರರು ಗೋಣಿಚೀಲಕ್ಕೆ ಹಳೆಯ ಸೀರೆ, ಕಟ್ಟಿಗೆಯ ಪುಡಿ ತುಂಬಿ ತೊಲೆಗೆ ತೂಗುಹಾಕಿ ಹತ್ತಾರು ಮಕ್ಕಳಿಗೆ ಬಾಕ್ಸಿಂಗ್ ಕಲಿಸುತ್ತಾರೆ. ಗಂಗಾ ಒಂದು ವರ್ಷದಿಂದ ದಿನಾ ಬೆಳಗಿನ ಬಸ್ಸಿಗೆ ಅಲ್ಲಿಗೆ ಹೋಗುತ್ತಿದ್ದಳು. ಹುಕ್ಕೇರಿಯಲ್ಲಿ ಜಿಲ್ಲಾ ತಂಡದ ಆಯ್ಕೆ ನಡೆಯಲಿದೆ, ನಾನೂ ಹೋಗುತ್ತೇನೆ ಎಂದು ಅವಳು ಹೇಳಿದ ದಿನ ನಾನು ಅಪ್ಪನಾಗಿ ಯೋಚಿಸುವ ಬದಲು ವರದಿಗಾರನಾಗಿ ಯೋಚಿಸಿದೆ. ಮುಂದೆ ಪರೀಕ್ಷೆಯಿದೆ. ಈ ಹುಡುಗಿಗೆ ಶಕ್ತಿ ಇದೆಯೋ, ಬರೀ ಹುರುಪು ಇದೆಯೋ? ಆಧಾರ ಬೇಕು.

"ಮೂರು ತಿಂಗಳು ಟೈಮು," ಎಂದೆ. "ನಿನ್ನ ಗುದ್ದು ಜೋರ ಆಗೇತಿ ಅಂತ ಅಂಕಿಯಾಗ ತೋರಸು. ತೋರಸಿದಿ ಅಂದ್ರ ಹುಕ್ಕೇರಿಗಿ ನಾನ ಕರಕೊಂಡ ಹೋಗತೇನಿ. ಇಲ್ಲಂದ್ರ ಗ್ಲೌಸು ಅಟ್ಟಕ್ಕ, ನೀ ಪುಸ್ತಕಕ್ಕ."

"ಆತಪಾ. ಆದರ ಆಮ್ಯಾಲ ಮಾತು ತಿರಗಸಬಾರದು ನೋಡು."

"ನಾ ಅಂಕಿ ತಪ್ಪಿದಾಂವ ಅಲ್ಲ," ಎಂದೆ. ಒಳಗಿನಿಂದ ಸುವರ್ಣಾ ಪಾತ್ರೆಯೊಂದನ್ನು ಅಗತ್ಯಕ್ಕಿಂತ ಜೋರಾಗಿ ಇಟ್ಟ ಸದ್ದು ಕೇಳಿಸಿತು.

ಗುದ್ದನ್ನು ಅಳೆಯುವುದು ಹೇಗೆ? ದೊಡ್ಡ ಊರುಗಳಲ್ಲಿ ಅದಕ್ಕೆಂದೇ ಯಂತ್ರಗಳಿವೆಯಂತೆ. ನಮ್ಮಲ್ಲಿ ಬೆಲ್ಲ ತೂಗುವ ಯಂತ್ರವಿತ್ತು. ಮಾಸ್ತರರ ಭಾವಮೈದುನನದು ಮೂಡಲಗಿಯಲ್ಲಿ ಬೆಲ್ಲದ ಅಂಗಡಿ. ಗಾಣದ ಹಂಗಾಮು ಶುರುವಾಗುವ ತನಕ ಅವನ ಎಲೆಕ್ಟ್ರಾನಿಕ್ ತಕ್ಕಡಿ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ಅದನ್ನು ತಂದು, ಗೋದಾಮಿನ ಕಂಬಕ್ಕೆ ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಬಿಗಿದು, ಮೇಲೆ ಗಾದಿಯ ತುಂಡೊಂದನ್ನು ಕಟ್ಟಿದೆವು. ಗುದ್ದಿದರೆ ಕೆಂಪು ಅಂಕಿ ಬೀಳುತ್ತಿತ್ತು. ನೋಡಿ ನನಗೆ ಕಣ್ಣು ತುಂಬಿ ಬಂತು. ದಾಖಲೆಗೆಂದು ಹೊಸ ನೋಟಬುಕ್ಕು ತಂದೆ. ಪ್ರತಿ ರವಿವಾರ ಮೂರು ಗುದ್ದು, ಅದರಲ್ಲಿ ಹೆಚ್ಚಿನದು ಲೆಕ್ಕಕ್ಕೆ, ಕೆಳಗೆ ಮಾಸ್ತರರ ಸಹಿ.

ಮೊದಲ ರವಿವಾರ ಗಂಗಾ ಗುದ್ದಿದಳು: ಮೂವತ್ತೊಂದು ಕಿಲೋ. ಮಾಸ್ತರರು ನನ್ನ ಕಡೆ ತಿರುಗಿ, "ಪೇಪರ್ ಸಾಹೇಬ್ರ, ನೀವೂ ಒಂದ ಕೈ ನೋಡ್ರಿ," ಎಂದರು. ನಾನು ಪೆನ್ನನ್ನು ಕಿಸೆಗಿಟ್ಟು, ಕಣ್ಣಿನ ಚಾಳೀಸು ತೆಗೆದು ಮಗಳ ಕೈಗೆ ಕೊಟ್ಟು, ಮುಷ್ಟಿ ಕಟ್ಟಿ ಮುಂದೆ ಹೋದೆ. ನಲವತ್ತಾರು ಕಿಲೋ! ಗೋದಾಮಿನ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಐವತ್ತೆರಡು ವಯಸ್ಸು, ವ್ಯಾಯಾಮವೆಂದರೆ ಪತ್ರಿಕಾಗೋಷ್ಠಿಯಿಂದ ಪತ್ರಿಕಾಗೋಷ್ಠಿಗೆ ಬೈಕಿನಲ್ಲಿ ಹೋಗುವುದು. ಅಂಥವನ ಕೈಯಲ್ಲಿ ಇಷ್ಟು ಬಲ ಅಡಗಿತ್ತೇ? ನಾನು ಆ ಸುದ್ದಿಯನ್ನು ಯಾರಿಗೂ ಹೇಳಬಾರದೆಂದುಕೊಂಡೆ. ಗೋಕಾಕ ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ಮಾತ್ರ ಹೇಳಿದೆ. ಅಲ್ಲಿ ಹೇಳಿದ್ದು ನಮ್ಮ ಪತ್ರಿಕೆಗಿಂತ ಹೆಚ್ಚು ಪ್ರಸಾರವಾಗುತ್ತದೆ. ವಾರದೊಳಗೆ ಜನ ನನ್ನನ್ನು ಕಂಡರೆ "ನಲವತ್ತಾರು ಬಂದ್ರು, ಕುರ್ಚಿ ಬಿಡ್ರೋ" ಎನ್ನತೊಡಗಿದರು. ನಾನು ಬೇಡ ಬೇಡ ಎನ್ನುತ್ತಲೇ ಕೂರುತ್ತಿದ್ದೆ.

ಅತ್ತ ತರಬೇತಿ ಜೋರಾಗಿ ನಡೆಯಿತು. ಮಾಸ್ತರರ ಪಾಠ ಸರಳ. "ಗುದ್ದು ಮುಷ್ಟಿಯಾಗ ಇಲ್ಲ ತಂಗಿ, ಹಿಮ್ಮಡದಾಗ ಐತಿ. ಹಿಮ್ಮಡ ತಿರಗಬೇಕು, ಅದು ಸೊಂಟಾ ತಿರಗಸಬೇಕು, ಸೊಂಟಾ ಹೆಗಲಾ ನೂಕಬೇಕು. ಕೈ ಬರೇ ಸುದ್ದಿ ಮುಟ್ಟಸಾಂವ ಅಷ್ಟ. ಬಿಸಿ ಹಂಚು ಮುಟ್ಟಿದಂಗ ಮುಟ್ಟಿ ತಿರಗಿ ಬಂದಬಿಡಬೇಕು." ಕೈಯನ್ನು ವರದಿಗಾರನಿಗೆ ಹೋಲಿಸಿದ್ದು ನನಗೆ ಹಿಡಿಸಲಿಲ್ಲ, ಆದರೆ ಮಗಳು ಅದನ್ನು ಮನಸ್ಸಿಗೆ ತೆಗೆದುಕೊಂಡಳು. ಚಹಾ ಕುದಿಯುವಷ್ಟು ಹೊತ್ತು ಅಡುಗೆಮನೆಯಲ್ಲಿ ನಿಂತು ಹಿಮ್ಮಡಿ ತಿರುಗಿಸುತ್ತಿದ್ದಳು. ಐದು ಕಿಲೋ ಜೋಳದ ಚೀಲವನ್ನು ಎದೆಯಿಂದ ಹಿತ್ತಲಿನ ಗೋಡೆಗೆ ಎಸೆದು ಹಿಡಿಯುತ್ತಿದ್ದಳು. ನಾಲ್ಕನೇ ದಿನ ಚೀಲ ಹರಿದು ಜೋಳವೆಲ್ಲ ಹಿತ್ತಲು ತುಂಬಿತು. "ಇವತ್ತ ಹಕ್ಕಿಗೋಳಿಗಿ ಮದವಿ ಊಟ," ಎಂದಳು ಸುವರ್ಣಾ, ಬೈಯದೆ. ಬದಲಿಗೆ ತಾನೇ ಹಳೆಯ ಪ್ಯಾಂಟಿನ ದಪ್ಪ ಬಟ್ಟೆಯಿಂದ ಚೀಲ ಹೊಲಿದುಕೊಟ್ಟಳು. ಪ್ಯಾಂಟು ನನ್ನದು, ಹಳೆಯದೇನೂ ಆಗಿರಲಿಲ್ಲ.

ಆದರೆ ನೋಟಬುಕ್ಕು ಬೇರೆಯೇ ಕಥೆ ಹೇಳುತ್ತಿತ್ತು. ಒಂದು ತಿಂಗಳಿಗೆ ಇಪ್ಪತ್ನಾಲ್ಕು ಕಿಲೋ. ಎರಡನೇ ತಿಂಗಳಿಗೆ ಹದಿನೇಳು. ಮೂರನೇ ತಿಂಗಳ ಕೊನೆಯ ರವಿವಾರ ಗಂಗಾ ಎಷ್ಟು ಬೇಗ ಗುದ್ದಿದಳೆಂದರೆ ಕೈ ಹೋದದ್ದು ನನಗೆ ಕಾಣಲಿಲ್ಲ, ಸದ್ದು ಮಾತ್ರ ಕೇಳಿಸಿತು. ಕಂಬದ ಮೇಲಿನ ಧೂಳು ಉದುರಿತು. ತಕ್ಕಡಿ ತೋರಿಸಿದ್ದು ಹನ್ನೊಂದು. ಮಗಳು ಅಂಕಿಯನ್ನು ನೋಡಿದಳು, ನನ್ನನ್ನು ನೋಡಿದಳು, ಕೈಗೆ ಸುತ್ತಿದ ಪಟ್ಟಿ ಬಿಚ್ಚತೊಡಗಿದಳು. ನಾನು ಹನ್ನೊಂದು ಎಂದು ಬರೆದೆ. ದುಂಡಗೆ ಬರೆದೆ.

ಮನೆಗೆ ಬಂದವಳೇ ಗಂಗಾ ಸ್ಟೂಲು ಹಾಕಿ ಗ್ಲೌಸನ್ನು ಅಟ್ಟದ ಮೇಲಿಟ್ಟಳು. ಸುವರ್ಣಾ ನನ್ನೆದುರು ಬಂದು ನಿಂತಳು.

"ಏನ್ರಿ, ಮಗಳು ಮೂರು ತಿಂಗಳು ಮೈ ಮುರದ ದುಡದಾಳ. ತೋಳು ನೋಡ್ರಿ ಹೆಂಗಾಗ್ಯಾವು. ನಿಮ್ಮ ಕಣ್ಣಿಗಿ ಕಾಣಸೂದಿಲ್ಲೇನು?"

"ಕಣ್ಣಿಗಿ ಕಾಣಸತೈತಿ. ದಾಖಲೆಯಾಗ ಕಾಣಸವಲ್ದು."

"ಹಂಗಾರ ದಾಖಲೀನ ಕರಕೊಂಡ ಬಾಳೇವು ಮಾಡ್ರಿ," ಎಂದು ಒಳಗೆ ಹೋದಳು. ಇಪ್ಪತ್ತಾರು ವರ್ಷದಲ್ಲಿ ನನ್ನ ವರದಿಗೆ ಬಂದ ಅತ್ಯಂತ ಕಟು ಪ್ರತಿಕ್ರಿಯೆ ಅದು.

ಮರುದಿನ ತಕ್ಕಡಿಯನ್ನು ಮರಳಿಸಬೇಕಿತ್ತು. ಬೆಲ್ಲದ ಹಂಗಾಮು ಶುರುವಾಗಿತ್ತು. ಒಯ್ಯಲು ಮೂಡಲಗಿಯಿಂದ ಯಲ್ಲಪ್ಪ ಬಂದ. ಮೂವತ್ತು ವರ್ಷ ಅದೇ ಅಂಗಡಿಯಲ್ಲಿ ಬೆಲ್ಲ ತೂಗಿದ ಮನುಷ್ಯ. ತಕ್ಕಡಿ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿರುವುದನ್ನು ಕಂಡು, ಕಳ್ಳನನ್ನು ಕಟ್ಟಿಹಾಕಿದ್ದಾರೇನೋ ಎಂಬಂತೆ ನೋಡಿದ. ಮಾಸ್ತರರು ವಿಷಯ ಹೇಳಿದರು. ನಾನು ನೋಟಬುಕ್ಕು ತೋರಿಸಿದೆ. ಯಲ್ಲಪ್ಪ ಎರಡು ನಿಮಿಷ ಓದಿ, ಆಮೇಲೆ ಕೆಮ್ಮು ಬರುವ ತನಕ ನಕ್ಕ.

"ಸಾಹೇಬ್ರ, ಇದು ಬೆಲ್ಲದ ಪೆಂಟಿ ತೂಗೂ ತಕ್ಕಡಿರಿ. ಪೆಂಟಿ ಇಡಬೇಕು, ಅದು ಅಲ್ಲಾಡದಂಗ ಕುಂದರಬೇಕು, ಇದು ನಾಕ ಸಲ ವಿಚಾರ ಮಾಡಬೇಕು, ಆಮ್ಯಾಲ ಅಂಕಿ ಹೇಳತೈತಿ. ಮುಟ್ಟಿ ಓಡಿ ಹೋದಾಂವಂದು ಇದಕ್ಕ ಗೊತ್ತ ಆಗೂದಿಲ್ಲ. ಹುಡುಗಿ ಮೊದಲ ನೂಕತಿತ್ತು, ಮೂವತ್ತೊಂದು ಬಂತು. ಈಗ ಗುದ್ದಾಕ ಕಲತೈತಿ, ಹನ್ನೊಂದು ಬಂತು. ಅಂಕಿ ಇಳದಂಗ ಗುದ್ದು ಏರೇತ್ರಿ!"

ಮಾಸ್ತರರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಬಿಸಿ ಹಂಚು ಮುಟ್ಟಿದಂಗ ಅಂತ ನಾನ ಹೇಳಿ, ನಾನ ಸಹಿ ಮಾಡಿದ್ನಲ್ಲೋ!"

"ಮತ್ತ ಈ ನಲವತ್ತಾರು ಯಾರರಿ?" ಎಂದು ಯಲ್ಲಪ್ಪ ನೋಟಬುಕ್ಕಿನ ಮೊದಲ ಪುಟದ ಮೇಲೆ ಬೆರಳಿಟ್ಟು ಕೇಳಿದ. "ಇಂವ ಗುದ್ದಿಲ್ಲ. ಇಂವ ಒರಗ್ಯಾನ."

ಇಲ್ಲಿ ಒಂದು ಸಂಗತಿಯನ್ನು ದಾಖಲಿಸಬೇಕು. ಮೊದಲ ರವಿವಾರ ನಾನು ಗುದ್ದಿದಾಗ ಕಾಲಲ್ಲಿದ್ದ ಚಪ್ಪಲಿ ಜಾರಿತ್ತು. ಬೀಳಬಾರದೆಂದು ತಕ್ಕಡಿಯ ಮೇಲೆಯೇ ಮೈಯೂರಿ, ಉಸಿರು ತಿರುಗುವ ತನಕ ಹಾಗೇ ನಿಂತಿದ್ದೆ. ಸುದ್ದಿಗೆ ಅದು ಅನಗತ್ಯ ವಿವರವೆನಿಸಿ ಬಿಟ್ಟಿದ್ದೆ. ಜಾಗದ ಅಭಾವ.

"ಖರೇ ತೂಕ ಬೇಕಂದ್ರ ಎರಿಮಣ್ಣಿನಾಗ ಗುದ್ದಸ್ರಿ," ಎಂದ ಯಲ್ಲಪ್ಪ, ತಕ್ಕಡಿಯನ್ನು ಹೆಗಲಿಗೆ ಏರಿಸುತ್ತ. "ಮಣ್ಣು ವಿಚಾರ ಮಾಡೂದಿಲ್ಲ."

ಆ ಸಂಜೆಯೇ ಸುವರ್ಣಾ ಎರೆಮಣ್ಣು ತರಿಸಿ ನೆನೆಹಾಕಿದಳು. ಬೆಳಿಗ್ಗೆ ಕಸ ಕಡ್ಡಿ ಆರಿಸಿ, ಮಣ್ಣೆತ್ತು ಮಾಡುವ ಹದಕ್ಕೆ ನಾದಿ, ಒಂದು ಬದಿ ಕತ್ತರಿಸಿದ ಎಣ್ಣೆಯ ಡಬ್ಬಿಗೆ ಒತ್ತಿ ತುಂಬಿದಳು. ಡಬ್ಬಿಯನ್ನು ಹಿತ್ತಲಿನ ಕಟ್ಟೆಯ ಮೇಲೆ ಗೋಡೆಗೆ ಆನಿಸಿಟ್ಟೆವು. ಅಟ್ಟದಿಂದ ಗ್ಲೌಸು ಇಳಿಸಿದವನು ನಾನೇ. ಮೊದಲು ಮೂವತ್ತೊಂದು ಕಿಲೋ ಬಂದ ದಿನ ನೂಕಿದ ಹಾಗೇ ನೂಕು ಎಂದೆ. ಗಂಗಾ ನೂಕಿದಳು. ಆದ ಕುಳಿಗೆ ಕಡ್ಡಿಪೆಟ್ಟಿಗೆಯ ಕಡ್ಡಿ ಇಳಿಸಿ ನೋಡಿದರೆ ಅರ್ಧ ಕಡ್ಡಿ ಆಳ. ಸುವರ್ಣಾ ಮಣ್ಣನ್ನು ಮತ್ತೆ ಸಮ ಮಾಡಿದಳು. "ಈಗ ಮಾಸ್ತರ ಹೇಳಿದಂಗ."

ಹಿಮ್ಮಡಿ ತಿರುಗಿತು. ಡಬ್ಬಿ ಗೋಡೆಗೆ ಬಡಿದು, ಗೋಡೆಯಾಚೆ ಪಕ್ಕದ ಮನೆಯವರು "ಏನ ಬಿತ್ರಿ?" ಎಂದು ಕೂಗಿದರು. ಕಡ್ಡಿ ಇಳಿಸಿದೆ. ಕಡ್ಡಿ ಪೂರ್ತಿ ಮುಳುಗಿ, ಅದನ್ನು ಹಿಡಿದ ನನ್ನ ಎರಡು ಬೆರಳೂ ಒಳಗೆ ಹೋದವು.

"ಬರಕೋರಿ," ಎಂದಳು ಸುವರ್ಣಾ.

ಹುಕ್ಕೇರಿಯ ಆಯ್ಕೆಗೆ ಮಾತಿನಂತೆ ನಾನೇ ಕರೆದುಕೊಂಡು ಹೋದೆ; ಸುವರ್ಣಾ, ಮಾಸ್ತರರೂ ಜೊತೆಗೆ ಬಂದರು. ಎದುರಾಳಿ ದಡ್ಡಿ ಎಂಬ ಊರಿನ ಕಡೆಯ ಹುಡುಗಿ, ಗಂಗಾಳಿಗಿಂತ ಗೇಣುದ್ದ ಎತ್ತರ. ಮೊದಲ ಸುತ್ತಿನಲ್ಲಿ ಅವಳ ಉದ್ದನೆಯ ಕೈ ನಮ್ಮವಳನ್ನು ಹತ್ತಿರವೇ ಬಿಡಲಿಲ್ಲ. ಎರಡನೇ ಸುತ್ತಿನಲ್ಲಿ ಗಂಗಾ ತಲೆ ತಗ್ಗಿಸಿ ಒಳಗೆ ಹೋದದ್ದು ಕಂಡಿತು. ಆಮೇಲೆ ನಾನು ನೋಡಿದ್ದು ಅವಳ ಹಿಮ್ಮಡಿಯನ್ನು ಮಾತ್ರ. ಅದು ನಮ್ಮ ಅಡುಗೆಮನೆಯಲ್ಲಿ ಚಹಾ ಕುದಿಯುವಾಗ ತಿರುಗಿದಂತೆಯೇ ತಿರುಗಿತು. ಎತ್ತರದ ಹುಡುಗಿ ಎರಡು ಹೆಜ್ಜೆ ಹಿಂದೆ ಹೋಗಿ ಕುಳಿತಳು. ರೆಫರಿ ಎಂಟರ ತನಕ ಎಣಿಸಿ ಮತ್ತೆ ಬಿಟ್ಟರು. ಇನ್ನೊಮ್ಮೆ ಹಿಮ್ಮಡಿ ತಿರುಗಿತು. ಈ ಸಲ ರೆಫರಿ ಎಣಿಸುವ ಗೋಜಿಗೆ ಹೋಗದೆ ಪಂದ್ಯ ನಿಲ್ಲಿಸಿ ಗಂಗಾಳ ಕೈ ಎತ್ತಿದರು. ರಾಮಪ್ಪ ಮಾಸ್ತರರು ಸೈನ್ಯದ ಶಿಸ್ತನ್ನೆಲ್ಲ ಮರೆತು ನನ್ನನ್ನು ತಬ್ಬಿ ಎತ್ತಿಬಿಟ್ಟರು. ನನ್ನ ನಿಜವಾದ ತೂಕ ಗೊತ್ತಾದದ್ದು ಅವರ ಸೊಂಟಕ್ಕೇ ಇರಬೇಕು, ಬೇಗ ಇಳಿಸಿದರು. ಸುವರ್ಣಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಆ ಎತ್ತರದ ಹುಡುಗಿಗೂ ಕರದಂಟು ಕೊಟ್ಟಳು. ನನ್ನ ನೋಟಬುಕ್ಕಿನ ಆ ದಿನದ ಪುಟದಲ್ಲಿ ಒಂದೂ ಅಂಕಿಯಿಲ್ಲ. "ಗುದ್ದಿದಳು" ಎಂದಷ್ಟೇ ಇದೆ.

ಪತ್ರಿಕಾಧರ್ಮದ ಪ್ರಕಾರ ತಪ್ಪಾದಲ್ಲಿ ತಿದ್ದುಪಡಿ ಹಾಕಬೇಕು. ಮರುದಿನ ಚಹಾದ ಅಂಗಡಿಗೆ ಹೋಗಿ ನಲವತ್ತಾರು ನನ್ನ ಗುದ್ದಲ್ಲ, ಒರಗಿದ ಮೈ ಎಂದು ಒಪ್ಪಿಕೊಂಡೆ. ತಿದ್ದುಪಡಿಯನ್ನು ಯಾರೂ ಓದುವುದಿಲ್ಲ, ಕೇಳುವುದೂ ಇಲ್ಲ. ಅಲ್ಲಿ ಈಗಲೂ ನಾನು ನಲವತ್ತಾರೇ. ಆದರೆ ಮನಸ್ಸು ಕೇಳಲಿಲ್ಲ. ಖರೇ ಅಂಕಿಯಾದರೂ ದಾಖಲೆಯಲ್ಲಿರಲಿ ಎಂದು ಅದರ ಮಾರನೇ ದಿನ ಬೆಳಿಗ್ಗೆ ಹಿತ್ತಲಿಗೆ ಹೋದೆ. ಸುವರ್ಣಾ ಅಷ್ಟರಲ್ಲಿ ಮಣ್ಣಿಗೆ ನೀರು ಚಿಮುಕಿಸಿ ಮತ್ತೆ ನಾದಿ ಇಟ್ಟಿದ್ದಳು. ಚಪ್ಪಲಿ ಬಿಟ್ಟೆ. ಹಿಮ್ಮಡಿ ತಿರುಗಿಸಿದೆ, ಸೊಂಟ ತಿರುಗಿಸಿದೆ, ಬಿಸಿ ಹಂಚು ಮುಟ್ಟಿದಂತೆ ಗುದ್ದಿ ಕೈ ಹಿಂದಕ್ಕೆ ತಂದೆ. ಸೊಂಟ ಮಾತ್ರ ಹಿಂದಕ್ಕೆ ಬರಲಿಲ್ಲ. ಓರೆಯಾಗಿ ನಿಂತುಕೊಂಡೇ ಕಡ್ಡಿ ಇಳಿಸಿದೆ: ಕಾಲು ಕಡ್ಡಿ. ಐವತ್ತೆರಡರ ವಯಸ್ಸಿಗೆ ಕಡಿಮೆಯೇನಲ್ಲ. ತೃಪ್ತಿಯಿಂದ ಬರೆದುಕೊಂಡು, ಎರಡನೆಯವರ ಸಾಕ್ಷಿಯೂ ಇರಲೆಂದು ಸುವರ್ಣಾಳನ್ನು ಕರೆದು ಕುಳಿ ತೋರಿಸಿದೆ.

ಅವಳು ಬಗ್ಗಿ ನೋಡಿ, ಆ ಕುಳಿಯಲ್ಲಿ ತನ್ನ ಹೆಬ್ಬೆರಳನ್ನಿಟ್ಟಳು. ಸರಿಯಾಗಿ ಕೂತಿತು.

"ಇದು ನಾ ಮಣ್ಣು ಹದ ಬಂದೈತೇನು ನೋಡಾಕ ಒತ್ತಿದ್ದರಿ," ಎಂದಳು. "ನೀವು ಗುದ್ದಿದ್ದು ಎಲ್ಲೈತಿ?"