ಕಿರುಬೆರಳಿನವರು ಮನೆ ಬಿಟ್ಟದ್ದು

ಇಷ್ಟಕ್ಕೆಲ್ಲ ಕಾರಣ ಒಂದು ಅಂಗಿ. ಕಿರುಬೆರಳಿಗೆ ತೊಡಿಸಿದರೂ ಬಿಗಿಯಾದೀತು, ಅಷ್ಟು ಚಿಕ್ಕದು.

ಹೊಲಿದವನು ಹಳೆಯ ಬಂಗಲೆಯ ಗೈಡು. ಆ ಬಂಗಲೆಯ ಗೋಡೆಸಂದಿಗಳಲ್ಲಿ ಕಿರುಬೆರಳಿನಷ್ಟು ಎತ್ತರದ ಜನ ಬಾಳುತ್ತಾರೆಂದು ಮಕ್ಕಳು ಓದಲೆಂದು ಅವನ ಹೆಂಡತಿ ಒಂದು ಕಾದಂಬರಿ ಬರೆದಿದ್ದಳು. ಪುಸ್ತಕ ಅಚ್ಚಾದ ವರ್ಷವೇ ತೀರಿಕೊಂಡಳು. ಪ್ರತಿಗಳು ಟಿಕೆಟ್ ಕೌಂಟರಿನ ಪಕ್ಕ ಧೂಳು ತಿನ್ನುತ್ತಾ ಕೂತವು.

"ಯಾರೂ ಮುಟ್ಟಲ್ಲ ಕಣಯ್ಯಾ, ನಾಳೆ ಉಗ್ರಾಣಕ್ಕೆ ಹಾಕಿಸ್ತೀನಿ" ಎಂದುಬಿಟ್ಟ ಮ್ಯಾನೇಜರ್.

ಗೈಡಿಗೆ ಎದೆಯೊಳಗೆ ಮುಳ್ಳು ಮುರಿದಂತಾಯಿತು. ಹೆಂಡತಿಯ ಕರವಸ್ತ್ರದ ತುದಿ ಕತ್ತರಿಸಿ, ಬೆರಳಿಗೆಲ್ಲ ಸೂಜಿ ಚುಚ್ಚಿಕೊಂಡು ಅಂಗಿ ಹೊಲಿದ. ಬೆಳಿಗ್ಗೆ ನಡುಮನೆಯ ಕಿಟಕಿಗೆ ದಾರ ಕಟ್ಟಿ, ಅಂಗಿಯನ್ನು ಒದ್ದೆ ಮಾಡಿ ಒಣಹಾಕಿದ. ಒಂದೇ ಒಂದು ಮಗು ಕಂಡು 'ಇವರ ಕತೆ ಎಲ್ಲಿದೆ' ಅಂದರೆ ಸಾಕಿತ್ತು.

ಎರಡು ಜಡೆಯ ಹುಡುಗಿಯೊಬ್ಬಳು ಕಂಡಳು. ಕಂಡವಳು ಕೇಳಲಿಲ್ಲ, ಕಿರುಚಿದಳು. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಕಿಟಕಿಗೆ ಮುತ್ತಿದರು.

"ನನ್ನ ಪಿನ್ನು ದಿನಾ ಮಾಯ ಆಗೋದು ಸುಮ್ನೇನಾ?" ಎಂದಳು ಟಿಕೆಟ್ ಅಕ್ಕ.

"ಸಕ್ಕರೆ ಡಬ್ಬ ಖಾಲಿ ಮಾಡೋರೂ ಅವರೇ!" ಎಂದ ಕ್ಯಾಂಟೀನಿನವ, ಡಬ್ಬದಂಥ ಹೊಟ್ಟೆ ಸವರಿಕೊಂಡು.

"ಗುಲಾಬಿ ಕದಿಯೋರೂನು" ಎಂದ ಮಾಲಿ. ಅವನ ಕಿವಿಯ ಮೇಲೊಂದು ಗುಲಾಬಿ ಇತ್ತು.

ಮಧ್ಯಾಹ್ನದೊಳಗೆ ಪುಸ್ತಕವೆಲ್ಲ ಖರ್ಚಾಯಿತು. ಮೆಟ್ಟಿಲ ಮೇಲೆ, ಹುಲ್ಲಿನ ಮೇಲೆ ಎಲ್ಲಿ ನೋಡಿದರೂ ಓದುವ ಮಕ್ಕಳು. ಗೈಡು ಕಂಬದ ಮರೆಗೆ ಹೋಗಿ ಕಣ್ಣೊರೆಸಿಕೊಂಡ.

ಆದರೆ ಪಿನ್ನು, ಸಕ್ಕರೆ, ಗುಲಾಬಿಯ ದೂರುಗಳು ಮ್ಯಾನೇಜರನ ಕಿವಿಗೆ ಬಿದ್ದಿದ್ದವು. "ನಾಳೆ ತೊಲೆಗಳನ್ನೂ ತಿಂದುಹಾಕಿದ್ರೆ?" ಎಂದು ಗೆದ್ದಲಿಗೆ ಔಷಧಿ ಹೊಡೆಯುವವನನ್ನು ಕರೆಸಿಬಿಟ್ಟ. ಅವನು ಬೆನ್ನ ಮೇಲೆ ಡಬ್ಬಿ ಹೊತ್ತು ಬಂದವನೇ ಗಂಭೀರವಾಗಿ ಕೇಳಿದ: "ಸಾರ್, ಇವರಿಗೆ ಇಲಿದು ಹಾಕ್ಲಾ, ಜಿರಳೆದು ಸಾಕಾ?"

ಎರಡು ಜಡೆಯವಳು ಗೈಡಿನ ಕೈ ಹಿಡಿದುಕೊಂಡಳು. "ಮಾಮಾ, ಬೇಡ ಅನ್ನಿ. ಅವರಲ್ಲಿ ಒಂದು ಪಾಪು ಇದೆ."

ಆ ಪಾಪು ಅವನಿಗೆ ಗೊತ್ತಿತ್ತು. ತಮಗೆ ಹುಟ್ಟದ ಮಗುವನ್ನು ಹೆಂಡತಿ ಕೊನೆಯ ಅಧ್ಯಾಯದಲ್ಲಿ ಹುಟ್ಟಿಸಿದ್ದಳು.

ಅಂಗಿ ನಾನೇ ಹೊಲಿದದ್ದು ಎಂದರೆ ಮುಗಿಯುತ್ತಿತ್ತು. ಆದರೆ ಅಷ್ಟೂ ಮಕ್ಕಳು ಪುಸ್ತಕ ಮಡಚಿ ಇವನ ಮುಖವನ್ನೇ ನೋಡುತ್ತಿದ್ದರು.

"ಔಷಧಿ ದಂಡ!" ಎಂದು ಕೂಗಿದ. "ಅವರು ಇಲ್ಲಿಲ್ಲ. ಇವತ್ತು ಬೆಳಿಗ್ಗೇನೇ ಮನೆ ಬಿಟ್ರು, ನಾನೇ ನೋಡ್ದೆ. ಅವಸರದಲ್ಲಿ ಅಂಗಿ ಮರೆತಿದ್ದಾರೆ."

"ಎಲ್ಲಿಗೆ?" ಎಂದ ಮ್ಯಾನೇಜರ್.

ಬಾಯಿಗೆ ಬಂದದ್ದನ್ನು ಹೇಳಿದ. "ಕೆರೆಯಾಚೆ ಹಳೇ ಗಿರಣಿಗೆ."

"ಪಾಪೂನೂ ಕರ್ಕೊಂಡು ಹೋದ್ರಾ?" ಎಂದಳು ಎರಡು ಜಡೆಯವಳು.

"ಅದನ್ನೇ ಮೊದಲು ಎತ್ಕೊಂಡ್ರು, ಮಗಾ."

ಅರ್ಧ ಗಂಟೆಯಲ್ಲಿ ಬಂಗಲೆ ಬರಿದಾಯಿತು. ಮಕ್ಕಳು, ಅಪ್ಪ ಅಮ್ಮಂದಿರು, ಪಿನ್ನು ವಾಪಸು ಕೇಳಲು ಟಿಕೆಟ್ ಅಕ್ಕ, ಎಲ್ಲರೂ ಗಿರಣಿಗೆ ಓಡಿದರು. "ಬಂದ ಜನಾನ ಓಡಿಸಿದ್ಯಲ್ಲೋ ಮಹಾರಾಯ!" ಎಂದು ಮ್ಯಾನೇಜರ್ ತಲೆ ಚಚ್ಚಿಕೊಂಡ.

ಸಂಜೆ ಗೈಡು ಒಬ್ಬನೇ ಬಾಗಿಲು ಹಾಕಿದ. ದಿನವೂ ಗೋಡೆಯ ಕಡೆ ತಿರುಗಿ 'ಬರ್ತೀನಿ' ಅನ್ನುವುದು ರೂಢಿ. ಇವತ್ತು ನಾಲಗೆ ಏಳಲಿಲ್ಲ. ತಾನು ಹೇಳಿದ್ದು ಸುಳ್ಳು ಎಂದು ಗೊತ್ತಿದ್ದರೂ, ಮನೆ ನಿಜಕ್ಕೂ ಖಾಲಿಯಾದಂತಿತ್ತು. ಕಾಲುಗಳು ತಾವಾಗಿಯೇ ಕೆರೆಯ ದಾರಿ ಹಿಡಿದವು.

ಗಿರಣಿಯ ಬಾಗಿಲಲ್ಲಿ ಕಾವಲಿನ ಮುದುಕ ಅಡ್ಡ ನಿಂತ.

"ಒಂದು ಗಳಿಗೆ ಒಳಗೆ ಬಿಡಿ ಅಜ್ಜಾ, ಅವರನ್ನ..."

"ಶ್! ಮೆತ್ತಗೆ" ಎಂದ ಮುದುಕ, ತುಟಿಗೆ ಬೆರಳಿಟ್ಟು. "ಹೊಸ ಜಾಗ, ಪಾಪು ಈಗಷ್ಟೇ ಮಲಗಿದೆ. ಮನೆಯವರನ್ನ ಬಿಟ್ರೆ ಯಾರನ್ನೂ ಬಿಡೋ ಹಾಗಿಲ್ಲ. ನೀವು ಅವರಿಗೆ ಏನಾಗ್ಬೇಕು?"

ಪಾಪು ಏಳದಂತೆ ಗೈಡು ಮೆಲ್ಲಗೆ ಚಪ್ಪಲಿ ಕಳಚಿದ. ಬಾಗಿಲ ಹೊರಗೇ ನಿಂತ.