ಬಾಗಿಲಿಗೆ ಬೇವಿನ ಸೊಪ್ಪು

ಮೊದಲನೆಯ ಹುಳ ಕೆನ್ನೆಗೆ ಕಚ್ಚಿದಾಗ ಮಾರುತೇಶ್ ಅದನ್ನು ಕ್ಷಮಿಸಿದ. ಹತ್ತನೆಯದು ಕಚ್ಚುವ ಹೊತ್ತಿಗೆ ಸಂಡೂರಿನ ಗುಡ್ಡದ ಅರ್ಧ ಹತ್ತಿದ್ದ. ಪಟಪಟನೆ ಗಲ್ಲ ಬಡಿದುಕೊಳ್ಳುತ್ತ, ದೇವರೆದುರು ತಪ್ಪೊಪ್ಪಿಕೊಳ್ಳುವ ಭಕ್ತನಂತೆ ಕಾಣುತ್ತಿದ್ದ.

ತಪ್ಪೂ ಇತ್ತು. ಹೊಸಪೇಟೆಯ ಲಾಡ್ಜೊಂದರ ಕೌಂಟರಿನಲ್ಲಿ ಕೂರುವ ಅವನು ಬೆಳಿಗ್ಗೆ ಮಾಲೀಕ ವಿರುಪಾಕ್ಷಪ್ಪನವರಿಗೆ ಫೋನು ಮಾಡಿ, ಜ್ವರವೆಂದು ನರಳಿದ್ದ. ಸಂಜೆ ಐದಕ್ಕೆ ಅವರು ಹೊಸ ಬ್ರಾಂಚಿನ ಮ್ಯಾನೇಜರ್ ಯಾರೆಂದು ಹೇಳುವವರಿದ್ದರು. ಆರು ವರ್ಷದಿಂದ ಮಾರುತೇಶ್ ಕಣ್ಣಿಟ್ಟಿದ್ದ ಕುರ್ಚಿ ಅದು. ಬ್ರಾಂಚು ಎಲ್ಲಿ ಎಂದು ಮಾಲೀಕರು ಬಾಯಿ ಬಿಟ್ಟಿರಲಿಲ್ಲ. ಹಂಪಿಯ ಹೊಳೆದಂಡೆಯೇ ಎಂದುಕೊಂಡ ಮಾರುತೇಶ್ ಮನಸ್ಸಿನಲ್ಲೇ ಅದಕ್ಕೆ ಎ.ಸಿ. ಕೂಡ ಹಾಕಿಸಿಯಾಗಿತ್ತು. ಐದಕ್ಕೆ ಜ್ವರ ಬಿಟ್ಟವನಂತೆ ಹೋಗಿ ನಿಲ್ಲುವುದೆಂದು ಅವನ ಯೋಜನೆ.

"ಬಿಸಿಲು ಜೋರಾಗೂದ್ರಾಗ ಗುಡ್ಡ ಹತ್ತೂಣಂತ ನೀ ಗಂಟುಬಿದ್ದಿದ್ದಕ್ಕ ಬಂದೆ," ಎಂದು ಗೆಳೆಯ ಬಸವರಾಜನ ಮೇಲೆ ಹರಿಹಾಯ್ದ. "ನಿನಗ್ಯಾಕ ಒಂದೂ ಕಚ್ಚವಲ್ದು?"

"ನಾ ಬೀಡಿ ಸೇದ್ತೀನಿ. ನೀ ಸೆಂಟ್ ಹೊಡ್ಕಂಡು ಬಂದೀದಿ. ಹುಳ ಮದ್ವಿ ಊಟ ಐತಂತ ತಿಳ್ಕಂಡಾವಲೇ!"

ಹುಳದಿಂದ ತಪ್ಪಿಸಿಕೊಳ್ಳಲು ಮಾರುತೇಶ್ ಓಡಿಹೋಗಿ ಒಂದು ಮರ ತಬ್ಬಿಕೊಂಡ. ಅಲ್ಲಿ ಕೆಂಪಿರುವೆಗಳ ತುಂಬಿದ ಸಂಸಾರವಿತ್ತು.

ಮಧ್ಯಾಹ್ನ ಮನೆಗೆ ಬಂದಾಗ ಅವನ ಮುಖ ಎಣ್ಣೆಗೆ ಬಿದ್ದ ಹಪ್ಪಳದಂತೆ ಗುಳ್ಳೆ ಎದ್ದಿತ್ತು. ಪಕ್ಕದ ಮನೆಯ ಜಂಬವ್ವ ನೋಡಿದವಳೇ ಕೈಲಿದ್ದ ಮೊರ ಕೆಳಗಿಟ್ಟಳು.

"ಯವ್ವಾ! ಅಮ್ಮ ಬಂದಾಳಲೇ ತಮ್ಮಾ!"

ಬೇಸಿಗೆಯಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಆ ಓಣಿಯಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ.

"ಅಮ್ಮ ಅಲ್ಲಬೇ..." ಎಂದ ಮಾರುತೇಶ್ ಅಲ್ಲಿಗೇ ನಿಲ್ಲಿಸಿದ. ಅಲ್ಲವೆಂದರೆ ಗುಡ್ಡದ ಕತೆ ಹೇಳಬೇಕು. ಜಂಬವ್ವನ ತಂಗಿ ತಿಪ್ಪಕ್ಕ ಅದೇ ಲಾಡ್ಜಿನಲ್ಲಿ ಕಸ ಗುಡಿಸುತ್ತಾಳೆ.

ಹತ್ತು ನಿಮಿಷದಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು, ಅವನ ತಲೆಗೆ ಅರಿಶಿನದ ನೀರು ಬಿತ್ತು. "ಹನ್ನೊಂದು ದಿನ ಹೊಸ್ತಿಲ ದಾಟಬ್ಯಾಡ. ಕೆರ್ಕಬ್ಯಾಡ, ಅವ್ವ ಸಿಟ್ಟಾಗ್ತಾಳ."

ಹನ್ನೊಂದನೆಯ ನಿಮಿಷಕ್ಕೆ ಮಾಲೀಕರ ಫೋನು. "ತಿಪ್ಪಕ್ಕ ಹೇಳಿದ್ಲು. ಈ ಕಡಿ ಬರಬ್ಯಾಡಪ, ಗಿರಾಕಿ ಓಡಿ ಹೋಗ್ತಾರ. ಮ್ಯಾನೇಜರ್ ಕೆಲ್ಸ ಕೊಟ್ರಯ್ಯಗ ಕೊಡ್ತೀನಿ."

ಕೊಟ್ರಯ್ಯ ಕೌಂಟರಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಮಾರುತೇಶನಿಗೆ ಹನ್ನೊಂದನೆಯ ಹುಳ ಕಚ್ಚಿದಂತಾಯಿತು.

"ಅಮ್ಮ ಅಲ್ರಿ ಸಾವ್ಕಾರ್ರ! ಹುಳ ಕಡ್ದಾವ. ಜ್ವರ ಸುಳ್ರಿ. ಸಂಡೂರು ಗುಡ್ಡ ಹತ್ತಾಕ ಹೋಗಿದ್ದೆ."

ಅತ್ತ ಮಾಲೀಕರ ದನಿ ಏರಿತು.

"ಗುಡ್ಡ? ರಜಾ ಹಾಕಿ? ನಿನ್ನ ಖುಷಿಗೆ?"

"ಹೌದ್ರಿ. ತಪ್ಪಾತ್ರಿ."

"ಎಲ್ಲಿ ತಪ್ಪಲೇ! ಕೆಲ್ಸ ನಿಂದ!"

ಮಾರುತೇಶ್ ಹೊಸ್ತಿಲು ದಾಟಿ ಅಂಗಳದಲ್ಲಿ ಕುಣಿದ. ತುರಿಕೆಯೂ ತಾಳ ಹಾಕಿತು. "ಎ.ಸಿ. ರೂಮು ಕೊಡ್ತೀರೇನ್ರಿ?"

"ಎ.ಸಿ. ಯಾಕ? ಗಾಳಿ ಭಾಳ ಐತಿ. ಬ್ರಾಂಚು ಆ ಗುಡ್ಡದ ಮ್ಯಾಲೇ ಐತಿ. ಟೆಂಟ್ ಹಾಕ್ಸೀನಿ. ಅಲ್ಲೇ ಇರಬೇಕು, ದಿನಾ ಮುಂಜಾನೆ ಗಿರಾಕೀನ ಗುಡ್ಡ ಹತ್ತಿಸಬೇಕು. ಕೊಟ್ರಯ್ಯಗ ಈಗಷ್ಟೇ ಹೇಳಿದೆ, ಹುಳ ಇರ್ತಾವ್ರಿ ಅಂತ ಇಲ್ಲೇ ಅಳಾಕ ಕುಂತಾನ. ನೀ ಖುಷಿಗೆ ಹತ್ತಾವ! ಐದಕ್ಕ ಜೀಪು ಕಳಿಸ್ತೀನಿ."

ಮಾರುತೇಶ್ ಮೆಲ್ಲಗೆ ಮತ್ತೆ ಹೊಸ್ತಿಲೊಳಗೆ ಕಾಲಿಟ್ಟ. "ಜಂಬವ್ವಾ, ಜೀಪು ಬಂದ್ರ ಅಮ್ಮ ಬಂದಾಳಂತ ನೀನೇ ಹೇಳಬೇ."

ಜಂಬವ್ವ ಅಷ್ಟರಲ್ಲಿ ಬಾಗಿಲ ಸೊಪ್ಪು ಬಿಚ್ಚುತ್ತಿದ್ದಳು.

"ಹುಳ ಅಂತ ನಿನ ಬಾಯಿಲೇ ಕೇಳ್ಕಂಡೀನಪ. ಸುಳ್ಳು ಹೇಳಿದ್ರ ಅವ್ವ ಖರೇನ ಬರ್ತಾಳ. ತಗಾ, ಈ ಬೇವಿನ ತಪ್ಪಲ ಒಯ್ಯಿ. ಗುಡ್ಡದ ಮ್ಯಾಲ ಹೊಗಿ ಹಾಕ್ಕ."